ನಾಯಿ, ಬೆಕ್ಕುಗಳ ಊಟ: ಪದೇ ಪದೇ ಕೇಳುವ ಪ್ರಶ್ನೆಗಳು, ಬಿಡಬೇಕಾದ ನಂಬಿಕೆಗಳು

ನಾಯಿ, ಬೆಕ್ಕು ಸಾಕುವವರಲ್ಲಿ ಪ್ರೀತಿಗೆ ಕೊರತೆ ಇರುವುದಿಲ್ಲ. ಆದರೆ ಅವರಿವರು ಹೇಳಿದ್ದು, ಮೊದಲಿನಿಂದ ರೂಢಿಯಾದದ್ದು, ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು, ಎಲ್ಲವೂ ಸೇರಿ ಬಟ್ಟಲಿಗೆ ಬೀಳುತ್ತದೆ. ಪ್ರಾಣಿ ಚಪ್ಪರಿಸಿ ತಿಂದರೆ ನಮಗೆ ಸಮಾಧಾನ. ಚಪ್ಪರಿಸಿ ತಿನ್ನುವುದೇ ಬೇರೆ, ಮೈಗೆ ಹತ್ತುವುದೇ ಬೇರೆ. ಇಲ್ಲಿನ ಉತ್ತರಗಳು ಆರೋಗ್ಯವಾಗಿರುವ ಪ್ರಾಣಿಗಳಿಗೆ. ಕಿಡ್ನಿ, ಲಿವರ್, ಸಕ್ಕರೆ ಕಾಯಿಲೆ ಇರುವ ಪ್ರಾಣಿಯ ಊಟವನ್ನು ಪಶುವೈದ್ಯರ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಬೇಕು.

ಬೆಕ್ಕಿಗೆ ಹಾಲು ಕೊಡದಿದ್ದರೆ ಹೇಗೆ?

ಕೊಡದಿದ್ದರೆ ಏನೂ ಆಗುವುದಿಲ್ಲ. ಕೊಟ್ಟರೇ ತೊಂದರೆ ಜಾಸ್ತಿ. ತಾಯಿಯ ಹಾಲು ಕುಡಿಯುವಷ್ಟು ದಿನ ಮರಿಯ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಧಾರಾಳವಾಗಿರುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವುದು ಇದೇ. ಮರಿ ಹಾಲು ಬಿಟ್ಟ ಮೇಲೆ ಈ ಕಿಣ್ವ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ಕುಡಿದ ಹಾಲಿನ ಸಕ್ಕರೆ ಒಡೆಯದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ನೀರನ್ನು ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಹುಳಿಸುತ್ತವೆ. ಗ್ಯಾಸು, ಭೇದಿ ಶುರುವಾಗುತ್ತದೆ. ನಾಯಿಗಳ ವಿಷಯದಲ್ಲೂ ಇಷ್ಟೇ.

ಒಂದೆರಡು ಚಮಚ ಹಾಲನ್ನು ಏನೂ ಆಗದೆ ಅರಗಿಸಿಕೊಳ್ಳುವ ಬೆಕ್ಕುಗಳೂ ಇವೆ, ನಿಜ. ಆದರೆ ಲೆಕ್ಕ ನೋಡಿ. 4 ಕಿಲೋ ತೂಕದ, ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲರಿ ಸಾಕು. 100 ಮಿಲಿ ಗಟ್ಟಿ ಹಾಲಿನಲ್ಲೇ 60ಕ್ಕೂ ಹೆಚ್ಚು ಕ್ಯಾಲರಿ ಇರುತ್ತದೆ. ದಿನದ ಊಟದ ಕಾಲು ಭಾಗ ಅಲ್ಲಿಗೇ ಮುಗಿಯಿತು. ಬೆಕ್ಕಿಗೆ ಕುಡಿಯಲು ಬೇಕಿರುವುದು ನೀರು.

ತಾಯಿ ಇಲ್ಲದ ಪುಟ್ಟ ಮರಿ ಸಿಕ್ಕಿದೆ. ಅದಕ್ಕಾದರೂ ಹಸುವಿನ ಹಾಲು ಕೊಡಬಹುದಾ?

ಇದನ್ನು ನಿಧಾನವಾಗಿ ಓದಿ. ಇಲ್ಲಿ ತಪ್ಪಿದರೆ ಮರಿ ಉಳಿಯುವುದು ಕಷ್ಟ.

ಬೆಕ್ಕು, ನಾಯಿಗಳ ಹಾಲಿನಲ್ಲಿ ಹಸುವಿನ ಹಾಲಿಗಿಂತ ಪ್ರೋಟೀನ್ ಮತ್ತು ಕೊಬ್ಬು ಜಾಸ್ತಿ. ಹಸುವಿನ ಹಾಲು ಕುಡಿದ ಮರಿಗೆ ಒಂದು ಕಡೆ ಶಕ್ತಿ ಸಾಲುವುದಿಲ್ಲ, ಇನ್ನೊಂದು ಕಡೆ ಭೇದಿಯಾಗಿ ಮೈಯಲ್ಲಿದ್ದ ನೀರೂ ಹೋಗುತ್ತದೆ. ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಸಿಗುತ್ತದೆ, ಅದನ್ನೇ ತನ್ನಿ.

ಹಾಲು ಕುಡಿಸುವ ಮೊದಲು ಮರಿಯ ಮೈ ಮುಟ್ಟಿ ನೋಡಿ. ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಹಾಲು ಆಮೇಲೆ. ಹುಟ್ಟಿದ ಕೆಲವು ವಾರ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಆಗುವುದಿಲ್ಲ. ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡುವುದಿಲ್ಲ, ಕುಡಿಸಿದ ಹಾಲು ಹೊಟ್ಟೆಯಲ್ಲೇ ನಿಲ್ಲುತ್ತದೆ. ಕುಡಿಸುವಾಗ ಅಂಗಾತ ಮಲಗಿಸಬೇಡಿ. ಹಾಗೆ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ ಕೂರಿಸಿ, ತಲೆ ಸ್ವಲ್ಪ ಮೇಲಿರಲಿ, ತಾಯಿಯ ಹತ್ತಿರ ಕುಡಿಯುವ ಭಂಗಿಯಲ್ಲೇ. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ ಕುಡಿಸಬೇಕು, ರಾತ್ರಿಯೂ ಸೇರಿ. ಪ್ರತಿ ಸಲ ಹಾಲಾದ ಮೇಲೆ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಸವರಿ. ಇಲ್ಲದಿದ್ದರೆ ಎಳೆಮರಿ ತಾನಾಗಿ ಮೂತ್ರ ಮಾಡುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ನಾವು ಮಾಂಸ ತಿನ್ನುವುದಿಲ್ಲ. ಬೆಕ್ಕನ್ನೂ ಸಸ್ಯಾಹಾರದಲ್ಲೇ ಸಾಕಬಹುದು ಅಲ್ವಾ?

ನಿಮ್ಮ ಊಟ ನಿಮ್ಮ ಇಷ್ಟ. ಬೆಕ್ಕಿನ ದೇಹಕ್ಕೆ ಮಾತ್ರ ಆ ಅನುಕೂಲ ಇಲ್ಲ. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೋಟಿನ್‌ನಿಂದ ನಾವು ವಿಟಮಿನ್ ಎ ಮಾಡಿಕೊಳ್ಳುತ್ತೇವೆ, ನಾಯಿಯೂ ಮಾಡಿಕೊಳ್ಳುತ್ತದೆ, ಬೆಕ್ಕಿಗೆ ಆಗುವುದಿಲ್ಲ. ಸಸ್ಯದ ಎಣ್ಣೆಯಿಂದ ಅರಾಕಿಡೋನಿಕ್ ಆಮ್ಲ ಎಂಬ, ದೇಹಕ್ಕೆ ಬೇಕೇ ಬೇಕಾದ ಕೊಬ್ಬಿನಾಮ್ಲವನ್ನೂ ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಎಲ್ಲಕ್ಕಿಂತ ಮುಖ್ಯ ಟಾರಿನ್. ಮಾಂಸದಲ್ಲಿ ಸಿಗುವ ಈ ಅಂಶ ಗಿಡಮೂಲದ ಆಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆಕ್ಕು ತನಗೆ ಬೇಕಾದಷ್ಟು ಟಾರಿನ್ ತಯಾರಿಸಿಕೊಳ್ಳುವುದಿಲ್ಲ, ಆದರೆ ಪಿತ್ತರಸದ ಮೂಲಕ ದಿನವೂ ಕಳೆದುಕೊಳ್ಳುತ್ತದೆ.

ಟಾರಿನ್ ಇಲ್ಲದಿದ್ದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ ಅಂತ 1975ರಲ್ಲಿ ತಿಳಿಯಿತು. ಹೃದಯದ ವಿಷಯ ಗೊತ್ತಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು. ಹೃದಯದ ಸ್ನಾಯು ಸಡಿಲವಾಗಿ ಹಿಗ್ಗಿ ಬೆಕ್ಕುಗಳು ಸಾಯುತ್ತಿದ್ದವು. ಇದಕ್ಕೆ ಟಾರಿನ್ ಕೊರತೆಯೇ ಕಾರಣ ಅಂತ 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಜೊತೆಗಾರರು ತೋರಿಸಿದರು. ಆ ಬೆಕ್ಕುಗಳಲ್ಲಿ ಹಲವು ಅಂಗಡಿಯ ಬೆಕ್ಕಿನ ಆಹಾರವನ್ನೇ ತಿನ್ನುತ್ತಿದ್ದವು. ಆಮೇಲೆ ತಯಾರಕರು ಟಾರಿನ್ ಹೆಚ್ಚಿಸಿದರು, ಈ ಕಾಯಿಲೆ ಅಪರೂಪವಾಯಿತು. ಮಾಂಸ ಹಾಕಿ ಮಾಡಿದ ಆಹಾರದಲ್ಲೇ ಇಂಥ ತಪ್ಪು ನಡೆದಿತ್ತು. ಹಾಗಿರುವಾಗ ಮನೆಯಲ್ಲಿ ಅನ್ನ, ಹಾಲು, ತರಕಾರಿ ಕಲಸಿ ಹಾಕಿ ಬೆಕ್ಕನ್ನು ಸಾಕುತ್ತೇನೆ ಅನ್ನುವುದು ಅದಕ್ಕೆ ಮಾಡುವ ಅನ್ಯಾಯ. ಕೃತಕ ಟಾರಿನ್ ಸೇರಿಸಿದ ಸಸ್ಯಾಹಾರಿ ಬೆಕ್ಕಿನ ಆಹಾರ ಮಾರಾಟಕ್ಕಿದೆ. ಆದರೂ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಕೊರತೆ ತಿಂಗಳುಗಟ್ಟಲೆ ಹೊರಗೆ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಕಣ್ಣು ಹೋಗಿರಬಹುದು. ಹಾಗೆ ಹೋದ ರೆಟಿನಾ ಮತ್ತೆ ಬರುವುದಿಲ್ಲ.

ನಾಯಿಯ ವಿಷಯ ಬೇರೆ. ಎಲ್ಲ ಪೋಷಕಾಂಶ ಲೆಕ್ಕಹಾಕಿ ಮಾಡಿದ ಸಸ್ಯಾಹಾರದಲ್ಲಿ ನಾಯಿ ಚೆನ್ನಾಗಿರಬಲ್ಲದು. ಲೆಕ್ಕಹಾಕಿ ಅನ್ನುವುದನ್ನು ಮರೆಯಬಾರದು.

ನಾಯಿ, ಬೆಕ್ಕು ಎರಡೂ ಇವೆ. ಒಂದೇ ಚೀಲದ ಆಹಾರ ಸಾಲದಾ?

ಸಾಲದು. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್, ಪ್ರೋಟೀನ್ ಇರಬೇಕೆಂಬ ನಿಯಮವೇ ಇಲ್ಲ. ಒಂದು ದಿನ ಕದ್ದು ತಿಂದರೆ ಚಿಂತೆ ಬೇಡ, ದಿನವೂ ಅದೇ ಆಗಬಾರದು. ಬೆಕ್ಕಿನ ಆಹಾರ ತಿಂದ ನಾಯಿ ದಪ್ಪಗಾಗುತ್ತದೆ, ಕೆಲವಕ್ಕೆ ಅದರ ಕೊಬ್ಬಿನಿಂದ ಹೊಟ್ಟೆ ಕೆಡುತ್ತದೆ. ಬೆಕ್ಕಿನ ಬಟ್ಟಲನ್ನು ಎತ್ತರದಲ್ಲಿಡಿ.

ನಾಯಿ ತೋಳದ ವಂಶ, ಧಾನ್ಯ ಅದಕ್ಕೆ ಒಗ್ಗುವುದಿಲ್ಲ ಅಂತಾರೆ. ಗ್ರೇನ್ ಫ್ರೀ ಆಹಾರವೇ ಒಳ್ಳೆಯದಾ?

ತೋಳದ ವಂಶ ನಿಜ. ಆದರೆ ಸಾವಿರಾರು ವರ್ಷ ಮನುಷ್ಯನ ಜೊತೆ ಬದುಕಿದ ನಾಯಿ ಹೊಟ್ಟೆಯಲ್ಲೂ ಬದಲಾಗಿದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವಕ್ಕೆ ಒಂದು ಜೀನ್ ಇದೆ. ತೋಳಗಳಲ್ಲಿ ಸಾಮಾನ್ಯವಾಗಿ ಅದರ ಎರಡು ಪ್ರತಿಗಳು ಇರುತ್ತವೆ. ನಾಯಿಗಳಲ್ಲಿ 4ರಿಂದ 30ರವರೆಗೂ ಇರುವುದನ್ನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಚೆನ್ನಾಗಿ ಬೆಂದ ಧಾನ್ಯವನ್ನು ನಾಯಿ ಸಲೀಸಾಗಿ ಅರಗಿಸಿಕೊಳ್ಳುತ್ತದೆ. ಬರೀ ಅನ್ನ ತಿಂದು ಇರಬಲ್ಲದು ಅಂತ ಇದರ ಅರ್ಥ ಅಲ್ಲ.

"ಅಲರ್ಜಿ ಬರುತ್ತದೆ" ಅನ್ನುವುದು ಇನ್ನೊಂದು ಮಾತು. ಗೋಧಿ ಅಲರ್ಜಿ ಇದೆ, ಇಲ್ಲ ಅನ್ನಲಾಗದು. ಆದರೆ ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಹೆಚ್ಚಾಗಿ ಕಾರಣವಾಗುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ. ಮೈ ಕೆರೆದುಕೊಂಡ ಕೂಡಲೇ ಊಟವನ್ನು ದೂರುವುದೂ ಸರಿಯಲ್ಲ. ಚಿಗಟ, ಧೂಳು, ಪರಾಗದಿಂದಲೂ ಕೆರೆತ ಬರುತ್ತದೆ. ಆಹಾರದ ಅಲರ್ಜಿಯನ್ನು ಪತ್ತೆ ಮಾಡಲು ನಂಬಿಕಸ್ಥ ದಾರಿ ಒಂದೇ. ಹಿಂದೆ ತಿನ್ನದ ಪ್ರೋಟೀನ್ ಇರುವ ಊಟವನ್ನು ಸುಮಾರು ಎಂಟು ವಾರ ಕೊಡಬೇಕು, ಮಧ್ಯೆ ಒಂದು ಬಿಸ್ಕತ್ತೂ ಸೇರಬಾರದು, ಆಮೇಲೆ ಹಳೆಯ ಊಟ ಮತ್ತೆ ಕೊಟ್ಟು ನೋಡಬೇಕು. ರಕ್ತ ಪರೀಕ್ಷೆಯನ್ನು ಇದಕ್ಕೆ ನೆಚ್ಚಿಕೊಳ್ಳಲಾಗದು.

ಧಾನ್ಯ ತೆಗೆದು ಬಟಾಣಿ, ಬೇಳೆಕಾಳು, ಆಲೂಗಡ್ಡೆ ತುಂಬಿದ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ಸಂಬಂಧ ಇರಬಹುದೇ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2018ರಲ್ಲಿ ತನಿಖೆ ಶುರುಮಾಡಿತು. ಅದೇ ಕಾರಣ ಅಂತ ಸಾಬೀತಾಗಲಿಲ್ಲ, ಸಂಶಯ ಪೂರ್ತಿ ಹೋಗಲೂ ಇಲ್ಲ. ವೈದ್ಯರು ಹೇಳದ ಹೊರತು ಗ್ರೇನ್ ಫ್ರೀ ಅನ್ನುವ ಎರಡು ಪದಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಬರೀ ಮಾಂಸ ಕೊಟ್ಟರೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ ಅಲ್ವಾ?

ಮಾಂಸ ಬೇರೆ, ಬೇಟೆ ಬೇರೆ. ಕಾಡಿನ ಪ್ರಾಣಿ ಬೇಟೆಯ ಮೂಳೆ, ಲಿವರ್, ಕರುಳು, ರಕ್ತ ಎಲ್ಲ ತಿನ್ನುತ್ತದೆ. ಅಂಗಡಿಯಿಂದ ತಂದ ಮೂಳೆಯಿಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ತುಂಬಾ, ಕ್ಯಾಲ್ಸಿಯಂ ಅತಿ ಕಡಿಮೆ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ರಂಜಕಕ್ಕಿಂತ ತುಸು ಹೆಚ್ಚೇ ಬೇಕು. ಮಾಂಸದಲ್ಲಿ ರಂಜಕ ಹತ್ತು ಪಟ್ಟಿಗೂ ಮೀರಿ ಇರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಾರದು ಅಂತ ದೇಹ ತನ್ನ ಮೂಳೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಮರಿ ನಡೆಯಲು ಹಿಂಜರಿಯುತ್ತದೆ, ಎತ್ತಿಕೊಂಡರೆ ಕೂಗುತ್ತದೆ, ಸೋಫಾದಿಂದ ಹಾರಿದಷ್ಟಕ್ಕೇ ಕಾಲು ಮುರಿಯಬಹುದು. ದಿನವೂ ಕೋಳಿ ತಿನ್ನಿಸಿದವರಿಗೆ ಇದು ಕೊರತೆಯ ಕಾಯಿಲೆ ಅಂದರೆ ನಂಬುವುದೇ ಕಷ್ಟವಾಗುತ್ತದೆ.

ಹಾಗಾದರೆ ಮರಿಗೆ ಕ್ಯಾಲ್ಸಿಯಂ ಪುಡಿ ಬೆರೆಸುತ್ತೇನೆ. ದೊಡ್ಡ ಜಾತಿಯ ನಾಯಿ, ಮೂಳೆ ಗಟ್ಟಿಯಾಗಲಿ.

ಮರಿಗಳ ಸಮತೋಲನ ಆಹಾರವನ್ನೇ ತಿನ್ನುತ್ತಿದ್ದರೆ ದಯವಿಟ್ಟು ಬೇಡ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಥರದ ಮರಿಗಳಿಗೆ ಹೆಚ್ಚುವರಿ ಕ್ಯಾಲ್ಸಿಯಂ ಕೆಡುಕು ಮಾಡುತ್ತದೆ. ಎಳೆಯ ಕರುಳು "ಇಷ್ಟು ಸಾಕು" ಅಂತ ತಡೆಯುವುದಿಲ್ಲ. ಬಂದದ್ದರಲ್ಲಿ ಬಹುಪಾಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಮೂಳೆ ಮತ್ತು ಕೀಲುಗಳು ಸೊಟ್ಟ ಬೆಳೆಯುತ್ತವೆ. ದೊಡ್ಡ ಜಾತಿಯ ಮರಿಗಳಿಗೆಂದೇ ಇರುವ ಆಹಾರ ಕೊಡಿ, ಹೊಟ್ಟೆ ಬಿರಿಯುವಂತೆ ತಿನ್ನಿಸಿ ಬೇಗ ದೊಡ್ಡದು ಮಾಡಲು ಹೋಗಬೇಡಿ. ನಿಧಾನವಾಗಿ ಬೆಳೆದ ನಾಯಿಯೂ ಕೊನೆಗೆ ತನ್ನ ಪೂರ್ಣ ಎತ್ತರಕ್ಕೇ ಬರುತ್ತದೆ.

ನಾಯಿಗೆ ಮೂಳೆ ಕೊಡದೆ ಇನ್ನೇನು ಕೊಡುವುದು?

ಬೇಯಿಸಿದ ಮೂಳೆ ಯಾವತ್ತೂ ಬೇಡ, ಕೋಳಿಯದಂತೂ ಬೇಡವೇ ಬೇಡ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಗಂಟಲು, ಕರುಳಿಗೆ ಚುಚ್ಚಬಹುದು, ಚೂರುಗಳು ಗುದದ ಹತ್ತಿರ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು. ಹಸಿ ಮೂಳೆ ಅಷ್ಟು ಸೀಳುವುದಿಲ್ಲ, ಆದರೆ ದಪ್ಪ ಕಾಲಿನ ಮೂಳೆ ಕಚ್ಚಿ ಹಲ್ಲು ಮುರಿದುಕೊಳ್ಳುವ ನಾಯಿಗಳು ಬಹಳ. ಹೆಚ್ಚಾಗಿ ಮುರಿಯುವುದು ಮೇಲಿನ ದವಡೆಯ ಪಕ್ಕದ ದೊಡ್ಡ ಹಲ್ಲು. ಅಗಿಯಲು ಏನೇ ಕೊಡುವ ಮೊದಲು ಅದಕ್ಕೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿ ಇದ್ದರೆ ಹಲ್ಲಿಗೂ ಅದು ಗಟ್ಟಿಯೇ.

ಹಸಿ ಮಾಂಸವೇ ಸಹಜ ಆಹಾರ ಅಂತಾರಲ್ಲ? ಅದು ತಿಂದರೆ ನಾಯಿ ಕಚ್ಚಲು ಶುರುಮಾಡುತ್ತದಾ?

ಕೊನೆಯದಕ್ಕೆ ಮೊದಲು ಉತ್ತರ: ಇಲ್ಲ. ಹಸಿ ಮಾಂಸಕ್ಕೂ ಕಚ್ಚುವ ಸ್ವಭಾವಕ್ಕೂ ಸಂಬಂಧ ಇಲ್ಲ. ನಾಯಿ ಕಚ್ಚುವುದು ಭಯ, ನೋವು, ಕೆಟ್ಟ ಅನುಭವಗಳಿಂದ.

ಸಹಜ ಅನ್ನುವುದರ ಬಗ್ಗೆ: ಹಸಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಥರದ ಬ್ಯಾಕ್ಟೀರಿಯಾ ಇರಬಹುದು. ಫ್ರೀಜ್ ಮಾಡಿದರೆ ಅವು ಸಾಯುವುದಿಲ್ಲ. ನಾಯಿ ಆರಾಮಾಗಿ ಓಡಾಡಿಕೊಂಡೇ ಮಲದಲ್ಲಿ, ಬಾಯಲ್ಲಿ ಅವನ್ನು ಹರಡಬಹುದು. ಮನೆಯಲ್ಲಿ ಪುಟ್ಟ ಮಕ್ಕಳು, ಗರ್ಭಿಣಿ, ವಯಸ್ಸಾದವರು ಇದ್ದರೆ ಇದು ಸಣ್ಣ ಮಾತಲ್ಲ. 2024ರಲ್ಲಿ ಅಮೆರಿಕದ ಡೈರಿಗಳಲ್ಲಿ ಹಕ್ಕಿಜ್ವರ ತಗುಲಿದ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಅದೇ ವರ್ಷದ ಕೊನೆಗೆ ಹಸಿ ಟರ್ಕಿ ಕೋಳಿ ಮಾಂಸದ ಪೆಟ್ ಫುಡ್ ತಿಂದ ಬೆಕ್ಕೂ ಅದೇ ವೈರಸ್‌ನಿಂದ ಸತ್ತಿತು. ಬೇಯಿಸಿದರೆ ಈ ಭಯ ಇಲ್ಲ. ಬೇಯಿಸಿದ್ದರಿಂದ ನಾಯಿ, ಬೆಕ್ಕಿಗೆ ದೊಡ್ಡ ನಷ್ಟವೂ ಇಲ್ಲ.

ಉಪ್ಪು ತಿಂದರೆ ಕೂದಲು ಉದುರುತ್ತದೆ, ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತದೆ. ನಿಜಾನಾ?

ಎರಡೂ ಸುಳ್ಳು. ಉಪ್ಪಿನಲ್ಲಿರುವ ಸೋಡಿಯಂ, ಕ್ಲೋರೈಡ್ ಪ್ರಾಣಿಗಳಿಗೂ ಬೇಕೇ ಬೇಕು. ಸಿದ್ಧ ಆಹಾರದಲ್ಲಿ ಅದು ಇದ್ದೇ ಇರುತ್ತದೆ, ಮೇಲೆ ಸುರಿಯಬೇಕಿಲ್ಲ. ಒಮ್ಮೆಲೇ ತುಂಬಾ ಉಪ್ಪು ತಿಂದರೆ ಮಾತ್ರ ಅಪಾಯ. ಹುಳಗಳು ಬರುವುದು ಮೊಟ್ಟೆ ಬಿದ್ದ ಮಣ್ಣಿನಿಂದ, ತಾಯಿಯಿಂದ, ನುಂಗಿದ ಚಿಗಟದಿಂದ, ಬೇಟೆಯಿಂದ. ಸಿಹಿ ಬೇಡ ಅನ್ನುವುದಕ್ಕೆ ಕಾರಣ ತೂಕ. ಬೆಕ್ಕಿಗಂತೂ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ ಅಂತ 2005ರಲ್ಲಿ ಗೊತ್ತಾಯಿತು. ಐಸ್‌ಕ್ರೀಮಿಗೆ ಬೆಕ್ಕು ಓಡಿಬರುವುದು ಅದರ ಕೊಬ್ಬಿಗೆ.

ಮೊಟ್ಟೆ, ಮೀನು, ಲಿವರ್ ಕೊಡಬಹುದಾ?

ಬೇಯಿಸಿದ ಮೊಟ್ಟೆ ಒಳ್ಳೆಯದು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಬಯೋಟಿನ್ ಎಂಬ ವಿಟಮಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ.

ಬೆಕ್ಕಿಗೆ ಮೀನೇ ಊಟ ಅನ್ನುವುದೂ ತಪ್ಪು ತಿಳಿವಳಿಕೆ. ಕೆಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1 ಅನ್ನು ನಾಶ ಮಾಡುವ ಕಿಣ್ವ ಇದೆ. ಅದನ್ನೇ ತಿನ್ನುವ ಬೆಕ್ಕು ಊಟ ಬಿಡುತ್ತದೆ, ತೂರಾಡುತ್ತದೆ, ಕತ್ತು ಎದೆಯ ಕಡೆಗೆ ಬಾಗಿ ನಿಲ್ಲುತ್ತದೆ. ಲಿವರ್‌ಗೆ ಕೆಲವು ಬೆಕ್ಕುಗಳು ಎಷ್ಟು ಅಂಟಿಕೊಳ್ಳುತ್ತವೆ ಅಂದರೆ ಬೇರೆ ಏನನ್ನೂ ಮೂಸುವುದಿಲ್ಲ. ದಿನವೂ ಅದನ್ನೇ ಕೊಟ್ಟರೆ ವಿಟಮಿನ್ ಎ ಅತಿಯಾಗಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಬೆಕ್ಕು ತಲೆ ತಿರುಗಿಸಿ ತನ್ನ ಮೈ ನೆಕ್ಕಿಕೊಳ್ಳಲೂ ಆಗುವುದಿಲ್ಲ. ವಾರಕ್ಕೊಮ್ಮೆ ಬೆರಳಿನ ತುದಿಯಷ್ಟು ಬೆಂದ ಲಿವರ್ ಕೊಟ್ಟರೆ ತೊಂದರೆ ಇಲ್ಲ.

ಒಣ ಆಹಾರ ಅಗಿದರೆ ಹಲ್ಲು ತಾನೇ ಸ್ವಚ್ಛವಾಗುತ್ತದೆ ಅಲ್ವಾ?

ಸಾಮಾನ್ಯ ಕಿಬಲ್‌ನಿಂದ, ಅಂದರೆ ಒಣ ಆಹಾರದ ಗಟ್ಟಿ ಕಾಳಿನಿಂದ, ಆಗುವುದಿಲ್ಲ. ಹಲ್ಲಿನ ತುದಿ ತಾಗಿದ ಕೂಡಲೇ ಅದು ಪುಡಿಯಾಗುತ್ತದೆ. ಪಾಚಿ ಕಟ್ಟುವುದು ಒಸಡಿನ ಅಂಚಿನಲ್ಲಿ. ಎಷ್ಟೋ ನಾಯಿಗಳು ಅಗಿಯದೆ ನುಂಗಿಯೂ ಬಿಡುತ್ತವೆ. ಹಲ್ಲಿಗೆಂದೇ ವಿನ್ಯಾಸ ಮಾಡಿದ ದೊಡ್ಡ ಗಾತ್ರದ ಕಿಬಲ್‌ಗಳು ಬೇರೆ ಇವೆ. ಪ್ರಾಣಿಗಳ ಹಲ್ಲಿನ ಉತ್ಪನ್ನಗಳನ್ನು ಪರಿಶೀಲಿಸುವ ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್‌ನ ಮುದ್ರೆ ಇರುವುದನ್ನು ನೋಡಿ ಕೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು ಬ್ರಷ್. ಪೇಸ್ಟ್ ಮಾತ್ರ ಪ್ರಾಣಿಗಳದ್ದೇ ಇರಲಿ, ನಮ್ಮದು ಬೇಡ.

ನಮ್ಮ ಬೆಕ್ಕು ನೀರೇ ಕುಡಿಯುವುದಿಲ್ಲ. ಒಣ ಆಹಾರ ತಪ್ಪಾ?

ತಪ್ಪು ಅನ್ನಲಾರೆ. ಅದನ್ನೇ ತಿಂದು ಚೆನ್ನಾಗಿ ಬಾಳಿದ ಬೆಕ್ಕುಗಳು ಬೇಕಾದಷ್ಟಿವೆ. ಆದರೆ ಬೆಕ್ಕಿನ ಪೂರ್ವಜ ಒಣ ಪ್ರದೇಶಗಳ ಕಾಡುಬೆಕ್ಕು. ಬೇಟೆಯಲ್ಲಿರುವ ನೀರಿನಿಂದಲೇ ಬಹುಪಾಲು ಬದುಕಿದ ಪ್ರಾಣಿ ಅದು, ಬಾಯಾರಿಕೆ ಕಡಿಮೆ. ಒಣ ಆಹಾರದಲ್ಲಿ ನೀರು ಸುಮಾರು 10 ಶೇಕಡಾ, ವೆಟ್ ಫುಡ್‌ನಲ್ಲಿ 75ರಿಂದ 80. ಮೂತ್ರದ ತೊಂದರೆ ಬಂದಿರುವ ಬೆಕ್ಕಿಗೆ ವೆಟ್ ಫುಡ್ ಸೇರಿಸಿದರೆ ಬಹಳ ಅನುಕೂಲ. ನೀರಿನ ಬಟ್ಟಲನ್ನು ಊಟದಿಂದ, ಮಲದ ಟ್ರೇಯಿಂದ ದೂರ ಇಡಿ. ಎರಡು ಮೂರು ಕಡೆ ಇಡಿ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ತಿಣುಕುತ್ತಿದ್ದು ಮೂತ್ರ ಬರುತ್ತಿಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ಅದೇ ಗಳಿಗೆಯಲ್ಲಿ ವೈದ್ಯರ ಹತ್ತಿರ ಹೋಗಿ.

ವೆಟ್ ಫುಡ್ ಡಬ್ಬದ ಮೇಲೆ ಪ್ರೋಟೀನ್ 10 ಶೇಕಡಾ, ಒಣ ಆಹಾರದ ಚೀಲದ ಮೇಲೆ 30 ಅಂತಿದೆ. ಚೀಲದ್ದೇ ಒಳ್ಳೆಯದು ತಾನೇ?

ಇಲ್ಲಿ ಬಹಳ ಜನ ಎಡವುತ್ತಾರೆ. ನೀರು ಕಳೆದು ನೋಡಬೇಕು. ಡಬ್ಬದಲ್ಲಿ ನೀರು 78 ಶೇಕಡಾ ಇದ್ದರೆ ಉಳಿದ ಒಣ ಪದಾರ್ಥ 22. ಅದರಲ್ಲಿ ಪ್ರೋಟೀನ್ 10. ಅಂದರೆ ಸುಮಾರು 45 ಶೇಕಡಾ. ಚೀಲದಲ್ಲಿ ನೀರು 10, ಒಣ ಪದಾರ್ಥ 90, ಅದರಲ್ಲಿ 30. ಅಂದರೆ 33. ಡಬ್ಬದ್ದೇ ಮುಂದಿದೆ. ಕಡಿಮೆ ಕಂಡದ್ದು ನೀರಿನಿಂದ.

ಲೇಬಲ್‌ನಲ್ಲಿ ಮೊದಲು ಹುಡುಕಬೇಕಾದ್ದು ಇದು ಸಂಪೂರ್ಣ ಆಹಾರವಾ, ಪೂರಕ ಆಹಾರವಾ ಅನ್ನುವುದನ್ನು. ಪೂರಕ ಅಂತ ಇದ್ದರೆ ಅದೊಂದನ್ನೇ ದಿನವೂ ಕೊಡುವಂತಿಲ್ಲ. ಯಾವ ವಯಸ್ಸಿಗೆ ಅನ್ನುವುದೂ ಬರೆದಿರುತ್ತದೆ. "ಬೈಪ್ರಾಡಕ್ಟ್" ಅನ್ನುವ ಪದ ಕಂಡು ಬೆಚ್ಚಬೇಡಿ. ಲಿವರ್, ಕಿಡ್ನಿ, ಶ್ವಾಸಕೋಶ ಎಲ್ಲ ಅದರಲ್ಲೇ ಬರುತ್ತವೆ, ಪೋಷಕಾಂಶ ತುಂಬಿರುತ್ತದೆ.

ಯಾವಾಗಲೂ ಬಟ್ಟಲ ಮುಂದೆ ಕೂತು ನೋಡುತ್ತದೆ. ಹಸಿವು ಇದ್ದರೆ ತಾನೇ ಕೇಳುವುದು?

ಕೇಳುವುದಕ್ಕೂ ಹಸಿವಿಗೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ. ಕೇಳಿದಾಗಲೆಲ್ಲ ಸಿಕ್ಕಿದೆ, ಅದಕ್ಕೆ ಕೇಳುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗದಷ್ಟಕ್ಕೆ ಹಸಿವು, ತೂಕಗಳನ್ನು ಹೆಚ್ಚಿಸುವ ಜೀನ್ ಬದಲಾವಣೆ ಇದೆ ಅಂತ 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕಂಡುಹಿಡಿದರು. ಆ ನಾಯಿ ಕೇಳುತ್ತಲೇ ಇರುತ್ತದೆ. ಅದರ ಕಣ್ಣು ನೋಡಿ ಅಳತೆ ಮಾಡಲು ಆಗುವುದಿಲ್ಲ.

ಅಳತೆಗೆ ಕೈ ಇದೆ. ನಿಮ್ಮ ಒಂದು ಕೈಯನ್ನು ಚಾಚಿ, ಅಂಗೈ ಕೆಳಗೆ ಮಾಡಿ. ಬೆರಳುಗಳ ಹಿಂಭಾಗವನ್ನು ಇನ್ನೊಂದು ಕೈಯಿಂದ ಸವರಿ. ನಾಯಿಯ ಪಕ್ಕೆಲುಬು ಸವರಿದಾಗ ಹಾಗೆ ಸಿಕ್ಕಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಸಿಕ್ಕುವಂತೆ ಎದ್ದಿದ್ದರೆ ತೆಳ್ಳಗಾಗಿದೆ. ಅಂಗೈ ತಿರುಗಿಸಿ ಬೆರಳಿನ ಬುಡ ಸವರಿದ ಹಾಗೆ ಮೆತ್ತಗಿದ್ದರೆ ದಪ್ಪಗಾಗಿದೆ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಬೆಕ್ಕಿಗೂ ಇದನ್ನೇ ಮಾಡಿ.

ತೆಳ್ಳಗಿಟ್ಟರೆ ಏನು ಲಾಭ ಅನ್ನುವವರಿಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕು. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಊಟವನ್ನು ಜೀವನವಿಡೀ ಕೊಟ್ಟರು. ಕಡಿಮೆ ತಿಂದ ಗುಂಪು ಸುಮಾರು 1.8 ವರ್ಷ ಹೆಚ್ಚು ಬದುಕಿತು. ಕೀಲುನೋವಿಗೆ ಔಷಧಿ ಬೇಕಾದದ್ದೂ ಅವುಗಳಿಗೆ ತಡವಾಗಿ. ನಾಯಿಯ ಬದುಕಿನಲ್ಲಿ ಸುಮಾರು ಎರಡು ವರ್ಷ ಅಂದರೆ ಎಷ್ಟು ದೊಡ್ಡದು!

ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಮೇಲೆ ದೇಹಕ್ಕೆ ಬೇಕಾದ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಏರುತ್ತದೆ. ಆ ವಾರದಿಂದಲೇ ಅಳತೆ ಇಳಿಸಿ. ಲೋಟದಲ್ಲಿ ಅಂದಾಜಿಗೆ ಹಾಕುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

ಒಂದು ತುಂಡು ಚೀಸ್ ಕೊಟ್ಟರೆ ಏನಾಗುತ್ತದೆ?

ಮೇಲುತಿಂಡಿ ದಿನದ ಕ್ಯಾಲರಿಯಲ್ಲಿ 10 ಶೇಕಡಾ ದಾಟಬಾರದು. 10 ಕಿಲೋ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಅಂದುಕೊಳ್ಳಿ, ತಿಂಡಿಗೆ 60. ಬೆಂಕಿಪೊಟ್ಟಣದಷ್ಟು, 30 ಗ್ರಾಂ ಚೀಸ್‌ನಲ್ಲೇ ಸುಮಾರು 120 ಇದೆ. ಮನೆಯಲ್ಲಿ ನಾಲ್ಕು ಜನ ಇದ್ದು ನಾಲ್ವರೂ ಸುಮ್ನೆ ಒಂದೊಂದು ತುಂಡು ಕೊಟ್ಟರೆ ಎಲ್ಲಿಗೆ ಹೋಯಿತು ಲೆಕ್ಕ ಅಂತ ನೀವೇ ನೋಡಿ.

ಬೆಕ್ಕು ಹೊಸ ಆಹಾರ ಮುಟ್ಟುತ್ತಿಲ್ಲ. ಹಸಿದರೆ ತಾನೇ ತಿನ್ನುತ್ತದೆ, ಬಿಟ್ಟುಬಿಡಲಾ?

ಬಿಡಬೇಡಿ. ಈ ಪುಟದಲ್ಲಿ ಒಂದೇ ಒಂದನ್ನು ನೆನಪಿಡುತ್ತೀರಿ ಅಂದರೆ ಇದನ್ನು ನೆನಪಿಡಿ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬು ಕರಗಿ ಲಿವರ್‌ಗೆ ನುಗ್ಗುತ್ತದೆ. ಲಿವರ್ ಅದನ್ನು ಸಂಭಾಳಿಸಲಾರದೆ ತುಂಬಿಕೊಳ್ಳುತ್ತದೆ. ಕಾಮಾಲೆ ಬರುತ್ತದೆ, ಊಟ ಇನ್ನಷ್ಟು ಬಿಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ನಾಯಿಯ ಹಾಗೆ ಬೆಕ್ಕಿನ ಹಟ ಮುರಿಯಲು ಹೋಗಬಾರದು. ಒಂದು ಇಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಆಹಾರ ಬದಲಿಸುವಾಗ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ವೆಟ್ ಫುಡ್ ಅನ್ನು ತುಸು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನಲು ಮನಸ್ಸು ಮಾಡುತ್ತದೆ.

ವಯಸ್ಸಾದ ನಾಯಿಗೆ ಪ್ರೋಟೀನ್ ಕಡಿಮೆ ಮಾಡಬೇಕಾ?

ಆರೋಗ್ಯವಾಗಿದ್ದರೆ ಬೇಡ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಒಳ್ಳೆಯ ಪ್ರೋಟೀನ್ ಇನ್ನೂ ಬೇಕಾಗುತ್ತದೆ. ಕಿಡ್ನಿ ಕಾಯಿಲೆ ಪತ್ತೆಯಾದ ಮೇಲಿನ ಮಾತು ಬೇರೆ. ಅಲ್ಲಿ ಮೊದಲು ಇಳಿಸುವುದು ರಂಜಕವನ್ನು.

ದಿನಕ್ಕೆ ಒಂದೇ ಹೊತ್ತು ಹೊಟ್ಟೆ ತುಂಬ ಹಾಕಿದರೆ ಸಾಲದಾ?

ಮರಿಗಳಿಗೆ ಮೂರು ನಾಲ್ಕು ಸಲ, ದೊಡ್ಡವಕ್ಕೆ ಎರಡು ಸಲ. ಎದೆ ಆಳವಾಗಿರುವ ದೊಡ್ಡ ನಾಯಿಗಳು ಒಂದೇ ಸಲ ರಾಶಿ ಊಟವನ್ನು ಗಬಗಬ ತಿಂದರೆ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹೊಟ್ಟೆ ಉಬ್ಬಿದೆ, ವಾಂತಿಗೆ ಒದ್ದಾಡುತ್ತಿದೆ, ಏನೂ ಬರುತ್ತಿಲ್ಲ ಅಂದರೆ ಗಂಟೆಗಳ ಲೆಕ್ಕವಷ್ಟೇ ಇರುವುದು.

ಬೆಳ್ಳುಳ್ಳಿ ಕೊಟ್ಟರೆ ಚಿಗಟ ಹೋಗುತ್ತದಂತೆ. ದ್ರಾಕ್ಷಿ, ಚಾಕೊಲೇಟ್ ಸ್ವಲ್ಪ ತಿಂದರೂ ಅಪಾಯವಾ?

ಬೆಳ್ಳುಳ್ಳಿಗೆ ಚಿಗಟ ಹೋಗುವುದಿಲ್ಲ, ಕೆಂಪು ರಕ್ತಕಣ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಯ ಗಂಧಕದ ಅಂಶಗಳು ಆ ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಬೆಕ್ಕಿಗೆ ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿಯೇ ಸಾಕು. ಲಕ್ಷಣ ಕಾಣುವುದು ಕೆಲವು ದಿನ ಕಳೆದ ಮೇಲೆ: ಒಸಡು ಬಿಳಿಚುತ್ತದೆ, ಸುಸ್ತು, ಮೂತ್ರ ಕಂದು. ಅಷ್ಟು ಹೊತ್ತಿಗೆ ಈರುಳ್ಳಿ ತಿಂದದ್ದು ಎಲ್ಲರಿಗೂ ಮರೆತಿರುತ್ತದೆ.

ಚಾಕೊಲೇಟ್‌ನಲ್ಲಿರುವ ಥಿಯೋಬ್ರೋಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಬಣ್ಣ ಕಪ್ಪಾದಷ್ಟೂ ಅಪಾಯ ಹೆಚ್ಚು. 10 ಕಿಲೋ ನಾಯಿಗೆ ಹಾಲಿನ ಚಾಕೊಲೇಟ್ ಸುಮಾರು 100 ಗ್ರಾಂ ತಿಂದಾಗ ಕಾಣುವ ಲಕ್ಷಣ, ಅಡುಗೆಗೆ ಬಳಸುವ ಸಿಹಿಯಿಲ್ಲದ ಚಾಕೊಲೇಟ್ ಸುಮಾರು 15 ಗ್ರಾಂ ತಿಂದರೇ ಕಾಣಬಹುದು.

ದ್ರಾಕ್ಷಿ, ಒಣದ್ರಾಕ್ಷಿಯಲ್ಲಿ ಎಷ್ಟು ತಿಂದರೆ ಅಪಾಯ ಅನ್ನುವ ಅಳತೆಯೇ ಇಲ್ಲ. ಒಂದು ನಾಯಿಗೆ ಏನೂ ಆಗದಷ್ಟರಲ್ಲಿ ಇನ್ನೊಂದರ ಕಿಡ್ನಿ ನಿಲ್ಲುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಕಾರಣ ಇರಬಹುದು ಅಂತ 2021ರಿಂದ ಹೇಳುತ್ತಿದ್ದಾರೆ. ಆದ್ದರಿಂದ ಒಂದೂ ಬೇಡ.

ಜನರಿಗೆ ಕಡಿಮೆ ಗೊತ್ತಿರುವುದು ಕ್ಸೈಲಿಟಾಲ್, ಸಕ್ಕರೆಯ ಬದಲು ಬಳಸುವ ಸಿಹಿಕಾರಕ. ಶುಗರ್ ಫ್ರೀ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್, ಟೂತ್‌ಪೇಸ್ಟ್‌ಗಳಲ್ಲಿ ಇರುತ್ತದೆ. ನಾಯಿಯಲ್ಲಿ ಇದು ಇನ್ಸುಲಿನ್ ಅನ್ನು ಒಮ್ಮೆಲೇ ಏರಿಸುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ಬೀಳಬಹುದು. ಜಾಸ್ತಿ ತಿಂದಿದ್ದರೆ ಲಿವರ್ ಹಾಳಾಗುತ್ತದೆ.

ಹುಲ್ಲು ತಿಂದರೆ ಹೊಟ್ಟೆ ಕೆಟ್ಟಿದೆ ಅಂತಲಾ?

ಸಾಮಾನ್ಯವಾಗಿ ಅಲ್ಲ. ಆರೋಗ್ಯವಾಗಿರುವ ನಾಯಿಗಳೂ ಹುಲ್ಲು ಮೇಯುತ್ತವೆ, ಬಹುತೇಕ ವಾಂತಿ ಮಾಡುವುದೂ ಇಲ್ಲ. ಔಷಧಿ ಸಿಂಪಡಿಸಿದ ಹುಲ್ಲು ಆಗದಂತೆ ನೋಡಿಕೊಳ್ಳಿ.

ತಿನ್ನಬಾರದ್ದನ್ನು ತಿಂದುಬಿಟ್ಟಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲಾ?

ಬೇಡ. ಉಪ್ಪುನೀರೇ ಇನ್ನೊಂದು ವಿಷವಾಗಬಹುದು. ಹಾಲು, ಎಣ್ಣೆ ಕುಡಿಸುವುದೂ ಬೇಡ. ಲಕ್ಷಣ ಕಾಣಲಿ ಅಂತ ಕಾಯಲೂ ಬೇಡಿ. ವಾಂತಿ ಮಾಡಿಸಬೇಕೋ ಬೇಡವೋ ಅನ್ನುವುದು ತಿಂದ ವಸ್ತುವಿನ ಮೇಲೆ ನಿಂತಿದೆ, ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ಫೋನ್ ಮಾಡುವ ಮೊದಲು ನಾಲ್ಕು ವಿಷಯ ಕೈಯಲ್ಲಿರಲಿ: ಏನು ತಿಂದಿದೆ, ಎಷ್ಟು, ಯಾವ ಹೊತ್ತಿಗೆ, ಪ್ರಾಣಿಯ ತೂಕ ಎಷ್ಟು. ಉಳಿದ ಚೂರು, ಹರಿದ ಪ್ಯಾಕೆಟ್ ಎಲ್ಲವನ್ನೂ ಜೊತೆಗೇ ತೆಗೆದುಕೊಂಡು ಹೋಗಿ.